ದೆಹಲಿಯ ಅಂಗಡಿಯಲ್ಲಿ ಸಿಕ್ಕ ಮುಂಬೈಯ ಭೈರವ

2002ರಲ್ಲಿ ಏಡೊ ಬೌಮನ್ ಎಂಬ ನೆದರ್ಲೆಂಡ್ಸ್‌ನ ರೆಕಾರ್ಡು ಸಂಗ್ರಾಹಕರು ದೆಹಲಿಯ ಒಂದು ಅಂಗಡಿಯಲ್ಲಿ ಹಳೆಯ ಎಲ್‌ಪಿಗಳನ್ನು ಜಾಲಾಡುತ್ತಿದ್ದರು. ಎಪ್ಪತ್ತು, ಎಂಬತ್ತರ ದಶಕದ ಹಿಂದಿ ಸಿನಿಮಾ ಸಂಗೀತ ಅವರ ಹುಚ್ಚು. ಕಳ್ಳಸಾಗಣೆದಾರರ ಅಡ್ಡೆ, ಕಾರಿನ ಬೆನ್ನಟ್ಟುವಿಕೆ, ಕ್ಯಾಬರೆ ಇವುಗಳಿಗೆಂದು ಮುಂಬೈಯ ವಾದಕರು ನುಡಿಸಿದ ಅಬ್ಬರದ ಸಂಗೀತವನ್ನು ಅವರು ಹೆಕ್ಕಿ ಹೆಕ್ಕಿ ಕೂಡಿಡುತ್ತಿದ್ದರು. ಇಂಥ ಗಿರಾಕಿಗಳು ರಾಗ ಎಂಬ ಪದ ಕಂಡ ಕೂಡಲೇ ರೆಕಾರ್ಡನ್ನು ಪಕ್ಕಕ್ಕೆ ಸರಿಸುವುದೇ ಹೆಚ್ಚು. ಆದರೆ ಅಂದು ಕೈಗೆ ಬಂದದ್ದರ ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಕಲಾವಿದ ಚರಣಜೀತ್ ಸಿಂಗ್. ಇಸವಿ 1982. ಹೊರತಂದದ್ದು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಎಂದರೆ ನಮ್ಮೆಲ್ಲರ ಮನೆಯ ಎಚ್‌ಎಂವಿ.

ಹೆಸರಿನಿಂದ ಊಹಿಸಿದರೆ ಇದೊಂದು ಕೆಟ್ಟ ವಸ್ತುವೇ ಇರಬೇಕು. ಡಿಸ್ಕೋ ಹುಚ್ಚಿನ ಕಾಲದಲ್ಲಿ ಯಾವುದಕ್ಕೆ ಬೇಕಾದರೂ ಡಿಸ್ಕೋ ಎಂಬ ಚೀಟಿ ಅಂಟಿಸಿ ಮಾರುತ್ತಿದ್ದರು. ಬೌಮನ್ ಅದನ್ನು ಕೊಂಡು ಹೋಟೆಲಿಗೆ ಒಯ್ದು, ಜೊತೆಗಿದ್ದ ಪುಟ್ಟ ಪ್ಲೇಯರಿನಲ್ಲಿ ಹಾಕಿದರು. ಕೇಳಿಸಿದ್ದು ಸಿನಿಮಾ ಡಿಸ್ಕೋ ಅಲ್ಲ. ಹಾಡಿಲ್ಲ, ಪಿಟೀಲುಗಳ ಗುಂಪಿಲ್ಲ, ತಬಲಾ ಕೂಡ ಇಲ್ಲ. ಒಂದು ಯಂತ್ರ ಬಿಡದೆ ತಾಳ ಕುಟ್ಟುತ್ತಿದೆ. ಇನ್ನೊಂದು ಯಂತ್ರ ಕೆಳಗಿನ ಸ್ವರಗಳಲ್ಲಿ ಗುಳುಗುಳು ಎಂದು ಜಾರುತ್ತ ಏರುತ್ತ ಒಂದೇ ಸುತ್ತನ್ನು ಸುತ್ತುತ್ತಿದೆ. ಮೇಲೆ ಭೈರವ ರಾಗ ಓಡುತ್ತಿದೆ. ಯುರೋಪಿನ ಕಿವಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಅದರ ಹೆಸರು ಆ್ಯಸಿಡ್ ಹೌಸ್. ಎಂಬತ್ತರ ದಶಕದ ಕೊನೆಗೆ ಇಂಗ್ಲೆಂಡ್, ಹಾಲೆಂಡಿನ ಹುಡುಗ ಹುಡುಗಿಯರನ್ನು ಬೆಳಗಿನವರೆಗೆ ಕುಣಿಸಿದ ಸಂಗೀತ. ಅದು ಹುಟ್ಟಿದ್ದು ಅಮೆರಿಕದ ಶಿಕಾಗೊದಲ್ಲಿ, ಅದರ ಮೂಲ ಎನಿಸಿದ ರೆಕಾರ್ಡು ಹೊರಬಂದದ್ದು 1987ರಲ್ಲಿ. ಕೈಯಲ್ಲಿರುವ ಎಲ್‌ಪಿ ಅದಕ್ಕಿಂತ ಐದು ವರ್ಷ ಹಳೆಯದು.

ಯಾರೀತ ಚರಣಜೀತ್ ಸಿಂಗ್?

ಹಿಂದಿ ಸಿನಿಮಾ ಹಾಡು ಕೇಳಿದ ಯಾರೂ ಅವರ ಕೈಚಳಕ ಕೇಳದೆ ಉಳಿದಿಲ್ಲ, ಹೆಸರು ಗೊತ್ತಿರುವವರು ಮಾತ್ರ ಕಡಿಮೆ. 1940ರಲ್ಲಿ ಹುಟ್ಟಿದ ಮುಂಬೈಯವರು. ಬೇಸ್ ಗಿಟಾರ್, ಹವಾಯಿಯನ್ ಗಿಟಾರ್, ಸಿಂಥಸೈಸರ್, ಜೊತೆಗೆ ಟ್ರಾನ್ಸಿಕಾರ್ಡ್ ಎಂಬ ಇಟಲಿಯ ವಿದ್ಯುತ್ ಅಕಾರ್ಡಿಯನ್, ಇಷ್ಟನ್ನೂ ನುಡಿಸುತ್ತಿದ್ದರು. ಶಂಕರ್-ಜೈಕಿಶನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್, ಆರ್.ಡಿ. ಬರ್ಮನ್ ಎಲ್ಲರ ಬಳಿಯೂ ಕೆಲಸ ಮಾಡಿದವರು. ಆಗಿನ ಮುಂಬೈಯಲ್ಲಿ ತಾಡದೇವಿನ ಫಿಲ್ಮ್ ಸೆಂಟರ್, ಮಹಾಲಕ್ಷ್ಮಿಯ ಫೇಮಸ್, ಬಾಂದ್ರಾದ ಮೆಹಬೂಬ್ ಇವುಗಳ ನಡುವೆ ನೂರಾರು ವಾದಕರು ವಾದ್ಯದ ಪೆಟ್ಟಿಗೆ ಹೊತ್ತು ದಿನವೂ ಓಡಾಡುತ್ತಿದ್ದರು. ಗೋವೆಯ ಪಿಟೀಲು ವಾದಕರು, ಪಾರ್ಸಿ ತಾಳವಾದ್ಯಗಾರರು, ಪಂಜಾಬಿ ಗಿಟಾರ್ ವಾದಕರು, ಉತ್ತರ ಭಾರತದ ಸಾರಂಗಿ ಮನೆತನಗಳವರು. ಬೆಳಿಗ್ಗೆ ಹೋಗಿ ಅರೇಂಜರ್ ಬರೆದುಕೊಟ್ಟದ್ದನ್ನು ನುಡಿಸಿ, ಟೇಕ್ ಓಕೆ ಆದ ಮೇಲೆ ದುಡ್ಡು ಎಣಿಸಿಕೊಂಡು ಲೋಕಲ್ ಟ್ರೈನು ಹಿಡಿಯುವ ಬದುಕು. ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಗೀತಕಾರರ ಹೆಸರು ಇರುತ್ತಿತ್ತು. ಇವರದ್ದು ಇರುತ್ತಿರಲಿಲ್ಲ. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಇಂಥ ವಾದಕರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ 2008ರಲ್ಲಿ ಪುಸ್ತಕ ತರುವವರೆಗೂ ಅವರ ಕತೆ ಹೊರಗಿನವರಿಗೆ ಸರಿಯಾಗಿ ತಿಳಿದಿರಲಿಲ್ಲ.

ಆ ಲೋಕದಲ್ಲಿ ಹೊಸ ವಾದ್ಯ ಇಟ್ಟುಕೊಂಡವನಿಗೆ ಬೆಲೆ ಜಾಸ್ತಿ. ಯಾರ ಬಳಿಯೂ ಇಲ್ಲದ ಸದ್ದು ನನ್ನ ಬಳಿ ಇದೆ ಎಂದರೆ ನಾಳೆಯ ಕರೆ ಖಾತ್ರಿ. ಕೆರ್ಸಿ ಲಾರ್ಡ್ ಎಂಬ ವಾದಕರು ಮಿನಿಮೂಗ್ ಸಿಂಥಸೈಸರ್ ತಂದು ಸ್ಟುಡಿಯೋಗಳಲ್ಲಿ ಮನೆಮಾತಾದದ್ದು ಹಾಗೆ. ಆಮದು ಬಿಗಿಯಾಗಿದ್ದ ಕಾಲ. ಹೊರದೇಶಕ್ಕೆ ಗಾಯಕರ ಜೊತೆ ಕಾರ್ಯಕ್ರಮಕ್ಕೆ ಹೋದಾಗ ವಾದ್ಯ ಕೊಂಡು ತರಬೇಕು, ಕಸ್ಟಮ್ಸಿನವರನ್ನು ದಾಟಿಸಬೇಕು. ಸಿಂಗ್ ಕೂಡ ಸಿಂಗಪುರದಲ್ಲಿ ರೋಲ್ಯಾಂಡ್ ಕಂಪನಿಯ ಜುಪಿಟರ್-8 ಕಂಡು ಕೊಂಡುಕೊಂಡರು. ಅಮೆರಿಕದಲ್ಲಿ ಅದರ ಬೆಲೆ ಆಗ ಐದು ಸಾವಿರ ಡಾಲರಿಗೂ ಮೇಲೆ. ಸಿನಿಮಾ ವಾದಕನೊಬ್ಬ ಒಂದು ವಾದ್ಯಕ್ಕೆ ಅಷ್ಟು ಸುರಿದನೆಂದರೆ ಅದು ಶೋಕಿಯಲ್ಲ, ದುಡಿಮೆಗೆ ಹಾಕಿದ ಬಂಡವಾಳ.

ಡಿಸ್ಕೋ ಮುಂಬೈಗೆ ಬಂದ ದಾರಿಯಲ್ಲಿ ಒಬ್ಬ ಕನ್ನಡನಾಡಿನವರೂ ನಿಂತಿದ್ದಾರೆ. ಬೆಂಗಳೂರಿನಲ್ಲಿ ಕೊಡವ ಕುಟುಂಬದಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ. ಟ್ರೋಜನ್ಸ್ ಎಂಬ ತಂಡ ಕಟ್ಟಿ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಹುಡುಗ ಅರವತ್ತರ ದಶಕದಲ್ಲಿ ಲಂಡನ್ನಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಹಾಡಿನ ನಿರ್ಮಾಪಕರು ಇವರೇ. ರೆಕಾರ್ಡಿನ ಹಿಂಬದಿ ತುಂಬಿಸಲೆಂದು, ಸ್ಟುಡಿಯೋ ಸಮಯ ಮುಗಿಯುತ್ತಿದ್ದಾಗ ಅವಸರದಲ್ಲಿ ಮಾಡಿದ ಹಾಡು ಅದು. ಪ್ರಪಂಚ ಸುತ್ತಿ ಬಂತು. 1980ರಲ್ಲಿ ಫಿರೋಜ್ ಖಾನ್ ‘ಕುರ್ಬಾನಿ’ ಚಿತ್ರಕ್ಕೆಂದು ಬಿದ್ದು ಅವರಿಂದ ಒಂದು ಹಾಡು ಮಾಡಿಸಿದರು, ಹಾಡಿದ್ದು ಹದಿಹರೆಯದ ನಾಜಿಯಾ ಹಸನ್. ಮರುವರ್ಷ ಅದೇ ಜೋಡಿಯ ‘ಡಿಸ್ಕೋ ದೀವಾನೆ’ ಬಂತು. 1982ರ ಕೊನೆಗೆ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೋ ಡಾನ್ಸರ್’. ಅಮೆರಿಕದಲ್ಲಿ ಡಿಸ್ಕೋ ಸತ್ತೇ ಹೋಯಿತೆಂದು ಜನ ಅದರ ರೆಕಾರ್ಡುಗಳನ್ನು ಮೈದಾನದಲ್ಲಿ ಸ್ಫೋಟಿಸಿ ಮುಗಿಸಿದ ಮೇಲೆ ಮುಂಬೈಯಲ್ಲಿ ಅದಕ್ಕೆ ಯೌವನ ಬಂತು.

‘ಕುರ್ಬಾನಿ’, ‘ಡಿಸ್ಕೋ ಡಾನ್ಸರ್’ ಈ ಎರಡು ಚಿತ್ರಗಳ ನಡುವಿನ ಗಾಳಿಯಲ್ಲಿ ಸಿಂಗ್ ತಮ್ಮ ಮನೆಯಲ್ಲಿ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಜುಪಿಟರ್-8 ಒಂದು. ಇನ್ನೆರಡು ಸಣ್ಣವು: ಟಿಆರ್-808 ಎಂಬ ತಾಳದ ಯಂತ್ರ, ಟಿಬಿ-303 ಎಂಬ ಬೇಸ್ ಯಂತ್ರ. ಎಲ್ಲವೂ ಜಪಾನಿನ ಅದೇ ರೋಲ್ಯಾಂಡ್ ಕಂಪನಿಯವು.

ಈ 303ರ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ಕತೆಯ ಕೀಲಿ ಇರುವುದೇ ಅಲ್ಲಿ. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ, ಕಂಕುಳಲ್ಲಿ ಇಟ್ಟುಕೊಂಡು ಹೋಗುವಷ್ಟು ಚಿಕ್ಕದು. ತದಾವೊ ಕಿಕುಮೊಟೊ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ್ದು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ನುಡಿಸುವ ಜೊತೆಗಾರ ಬೇಕಲ್ಲ, ಅವನ ಬದಲಿಗೆ ಈ ಡಬ್ಬಿ ಎಂಬುದು ಆಲೋಚನೆ. ಆದರೆ ಅದರ ಸದ್ದು ಬೇಸ್ ಗಿಟಾರಿನಂತೆ ಇರಲೇ ಇಲ್ಲ. ಅದರೊಳಗೆ ಸ್ವರಗಳನ್ನು ತುಂಬುವುದೂ ತಲೆನೋವು: ಮೊದಲು ಸ್ವರಗಳನ್ನು ಒಂದೊಂದಾಗಿ ಒತ್ತಬೇಕು, ಆಮೇಲೆ ಆ ಸ್ವರಗಳು ಯಾವ ಮಾತ್ರೆಯಲ್ಲಿ ಬರಬೇಕು ಎಂಬುದನ್ನು ಬೇರೆಯಾಗಿ ಒತ್ತಬೇಕು, ಯಾವ ಸ್ವರಕ್ಕೆ ಒತ್ತು, ಯಾವ ಸ್ವರದಿಂದ ಯಾವುದಕ್ಕೆ ಜಾರಿಕೆ ಎಂಬುದೂ ಬೇರೆ. ಗಿಟಾರ್ ಹುಡುಗರು ಕೈಮುಗಿದರು. ಸುಮಾರು ಹತ್ತು ಸಾವಿರ ತಯಾರಿಸಿ 1984ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು.

ನಮ್ಮ ಸಂಗೀತ ತಿಳಿದವರ ಕಣ್ಣಲ್ಲಿ ಇದನ್ನೇ ಮತ್ತೊಮ್ಮೆ ನೋಡಿ. ಸ್ವರಗಳ ಸಾಲು ಒಂದು ಕಡೆ, ತಾಳ ಇನ್ನೊಂದು ಕಡೆ, ಎರಡನ್ನೂ ಕೂಡಿಸಿದರೆ ಆವರ್ತ. ನಡುವೆ ಮೀಂಡಿನಂತೆ ಜಾರಿಕೆ. ರಾಗ ಕಟ್ಟುವವನಿಗೆ ಆ ಡಬ್ಬಿಯ ಗೊಂದಲ ಅಷ್ಟೇನೂ ಪರಕೀಯವಲ್ಲ. ಸಿತಾರಿನ ಕೊನೆಯಲ್ಲಿ ಝಾಲಾ ನುಡಿಸುವಾಗ ಬರುವ ದಟ್ಟ ಓಟವನ್ನು 303 ತಾನಾಗಿಯೇ, ದಣಿವಿಲ್ಲದೆ ಓಡುತ್ತದೆ. ರಾಗಕ್ಕೆ ಕಾರ್ಡುಗಳ, ಎಂದರೆ ಸ್ವರಗುಚ್ಛಗಳ, ಬದಲಾವಣೆ ಬೇಡ. ಷಡ್ಜ ಒಂದೇ, ಅದರ ಸುತ್ತಲೇ ಎಲ್ಲ ನಡೆಯಬೇಕು. ಪಾಶ್ಚಾತ್ಯ ಹಾಡಿನವರಿಗೆ ಅದು ಕೊರತೆ ಅನಿಸಿದ್ದು ಇಲ್ಲಿ ಸಹಜಧರ್ಮವಾಯಿತು. ಶಿಕಾಗೊದ ಹುಡುಗರೂ ಐದು ವರ್ಷದ ಮೇಲೆ ಒಂದೇ ಸ್ವರಕೇಂದ್ರ ಹಿಡಿದು ಸುತ್ತಿದರು. ಇಬ್ಬರೂ ಒಂದೇ ಕಡೆ ತಲುಪಿದ್ದಕ್ಕೆ ಪವಾಡ ಬೇಕಿಲ್ಲ, ಆ ಯಂತ್ರ ಮತ್ತು ಒಂದೇ ಆಧಾರಸ್ವರದ ಸಂಗೀತ ಪರಸ್ಪರ ಒಗ್ಗುತ್ತವೆ ಅಷ್ಟೇ. ನನ್ನ ಮಟ್ಟಿಗೆ ಈ ಕತೆಯ ತಿರುಳು ಇದು.

ಮೂರು ಯಂತ್ರಗಳನ್ನು ಜೊತೆಯಾಗಿ ನಡೆಸುವುದು ಇನ್ನೊಂದು ಕೆಲಸ. ಈಗಿನ ಹಾಗೆ ಎಲ್ಲ ಕಂಪನಿಯ ವಾದ್ಯಗಳನ್ನೂ ಒಟ್ಟಿಗೆ ಕಟ್ಟುವ ಮಿಡಿ ವ್ಯವಸ್ಥೆ ಬಂದದ್ದು 1983ರಲ್ಲಿ. ಅದಕ್ಕೂ ಮೊದಲು ರೋಲ್ಯಾಂಡಿನವರದ್ದೇ ಐದು ಪಿನ್ನಿನ ಕೇಬಲ್ಲೊಂದಿತ್ತು. 808 ಹಾಕಿದ ತಾಳಕ್ಕೆ 303 ಹೆಜ್ಜೆ ಹಾಕುತ್ತಿತ್ತು. ಜುಪಿಟರಿನಲ್ಲೂ ಹೊರಗಿನಿಂದ ತಾಳ ಪಡೆದು ಸ್ವರಗಳನ್ನು ಬಿಡಿಸಿ ನುಡಿಸುವ ಸೌಲಭ್ಯವಿತ್ತು. ಸಿಂಗ್ ಇವನ್ನು ಮನೆಯಲ್ಲಿ ಜೋಡಿಸಿ ಅಭ್ಯಾಸ ಮಾಡುತ್ತ ಮಾಡುತ್ತ, ಇದು ಚೆನ್ನಾಗಿದೆಯಲ್ಲ, ರೆಕಾರ್ಡ್ ಮಾಡಬಾರದೇಕೆ ಅಂದುಕೊಂಡರಂತೆ. ಸಿನಿಮಾದಲ್ಲಿ ಎಲ್ಲೆಲ್ಲೂ ಡಿಸ್ಕೋ; ಅದೇ ತಾಳ ಇಟ್ಟುಕೊಂಡು, ತಬಲಾ ಬಿಟ್ಟು, ರಾಗಗಳನ್ನೇ ನುಡಿಸಿದರೆ ಹೇಗೆ? 2011ರಲ್ಲಿ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯವರು ಕೇಳಿದಾಗ ಅವರು ಕೊಟ್ಟ ವಿವರಣೆ ಇಷ್ಟೇ ಸರಳ. ಕ್ರಾಂತಿ ಮಾಡುವ ಉದ್ದೇಶದ ಒಂದು ಮಾತೂ ಇಲ್ಲ.

ಎಲ್‌ಪಿಯ ಮೊದಲ ಬದಿಯಲ್ಲಿ ಭೈರವ, ಲಲಿತ, ಭೂಪಾಲಿ, ತೋಡಿ, ಮಧುವಂತಿ. ಎರಡನೆಯ ಬದಿಯಲ್ಲಿ ಮೇಘಮಲ್ಹಾರ, ಯಮನ್, ಕಲಾವತಿ, ಮಾಲಕಂಸ, ಬೈರಾಗಿ. ಒಂದೊಂದೂ ಹೆಚ್ಚುಕಡಿಮೆ ಐದು ನಿಮಿಷ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೂ ಇವು ಹೊಸಬರಲ್ಲ: ಭೂಪಾಲಿಯಲ್ಲಿ ನಮ್ಮ ಮೋಹನ ಇದೆ, ಯಮನ್‌ನಲ್ಲಿ ಕಲ್ಯಾಣಿ, ಮಾಲಕಂಸದಲ್ಲಿ ಹಿಂದೋಳ, ಬೈರಾಗಿಯಲ್ಲಿ ರೇವತಿ. ಮೊದಲಿಗೆ ತಾಳವಿಲ್ಲದೆ ಒಂದಿಷ್ಟು ಆಲಾಪದ ನೆರಳು ಸುಳಿಯುತ್ತದೆ, ಆಮೇಲೆ 808 ಬಡಿಯಲು ಶುರು. ಪಂಚಮವೇ ಇಲ್ಲದೆ ಎರಡೂ ಮಧ್ಯಮಗಳನ್ನು ಒಟ್ಟಿಗಿಟ್ಟುಕೊಂಡ ಲಲಿತದಂಥ ರಾಗ ಯಂತ್ರದ ಬಾಯಲ್ಲಿ ಬಂದಾಗ ವಿಚಿತ್ರವಾದ ಕಳವಳ ಹುಟ್ಟುತ್ತದೆ. ಭೂಪಾಲಿ ಅಷ್ಟು ದಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಐದೇ ಸ್ವರದ ಆ ಪ್ರಸನ್ನ ರಾಗ ಈ ವೇಗಕ್ಕೆ ಸಿಕ್ಕಿ ಮಕ್ಕಳ ಆಟಿಕೆಯ ಹತ್ತಿರ ಹೋಗುತ್ತದೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಚೇರಿ ಕೇಳಿ ಬಂದ ರಸಿಕರು, ಧಾರವಾಡದ ಕಡೆಯ ಗಾಯನದ ಗುಂಗಿನಲ್ಲಿದ್ದವರು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಭೈರವದ ಕೋಮಲ ರಿಷಭ ಆಂದೋಲನದಲ್ಲಿ ತೂಗಬೇಕು. ಕೀಲಿಮಣೆಯ ಸ್ವರಗಳು ಹನ್ನೆರಡು, ಅವುಗಳ ಜಾಗ ಗಟ್ಟಿ. ಇದೇ ಕಾರಣಕ್ಕೆ ಹಾರ್ಮೋನಿಯಂ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ನಿಷೇಧ ಹೇರಿತ್ತು. ಸಿಂಗ್ ಅವರ ಕೀಲಿಮಣೆಗೆ ಸ್ವರ ಬಾಗಿಸುವ ಸೌಕರ್ಯವಾದರೂ ಇತ್ತು, ಜಾರಿಕೆ ಇತ್ತು. ಅವರು ಸಿತಾರ್ ವಾದಕರಂತೆ ರಾಗವಿಸ್ತಾರಕ್ಕೆ ಹೊರಟವರೂ ಅಲ್ಲ. ರಾಗದ ಚಲನೆಯನ್ನು ಗೊತ್ತಿದ್ದು ನುಡಿಸುತ್ತಾರೆ, ಆದರೆ ಐದು ನಿಮಿಷದಲ್ಲಿ ಮುಗಿಸುವ ಶಿಸ್ತು ಸಿನಿಮಾ ಸ್ಟುಡಿಯೋದ್ದು.

ಇದಕ್ಕೊಂದು ಮುಂಬೈ ಪರಂಪರೆಯೂ ಉಂಟು. 1968ರಲ್ಲಿ ಶಂಕರ್-ಜೈಕಿಶನ್ ‘ರಾಗ ಜಾಝ್ ಸ್ಟೈಲ್’ ಎಂಬ ಎಲ್‌ಪಿ ತಂದಿದ್ದರು; ರಯೀಸ್ ಖಾನರ ಸಿತಾರ್, ಸ್ಯಾಕ್ಸೊಫೋನ್, ಡ್ರಮ್, ಹನ್ನೊಂದು ರಾಗ. ಒಂದೊಂದು ಕಾಲದಲ್ಲಿ ಯಾವ ಕುಣಿತದ ಸಂಗೀತ ಓಡುತ್ತಿರುತ್ತದೋ ಅದರ ಮೇಲೆ ರಾಗ ಕೂರಿಸಿ ನೋಡುವ ಚಾಳಿ ಈ ಊರಿಗೆ ಮೊದಲಿನಿಂದ ಇದೆ. ಸಿಂಗ್ ಮಾಡಿದ್ದು ಅದನ್ನೇ. ಹೊಸದೇನೆಂದರೆ ಅವರು ಜನರನ್ನೆಲ್ಲ ಹೊರಗೆ ಕಳಿಸಿ ಒಬ್ಬರೇ ಉಳಿದರು.

ಎಚ್‌ಎಂವಿ ರೆಕಾರ್ಡು ಹೊರತಂದಿತು, ಮಾರಾಟವಾಗಲಿಲ್ಲ. ಡಿಸ್ಕೋ ಬೇಕಾದವರಿಗೆ ಹಾಡು ಬೇಕಿತ್ತು, ‘ಡಿಸ್ಕೋ ಡಾನ್ಸರ್’ ನಾಯಕ ಮಿಥುನ್ ಚಕ್ರವರ್ತಿಯ ಸೊಂಟ ಬೇಕಿತ್ತು. ರಾಗ ಬೇಕಾದವರು ಹೆಸರು ನೋಡಿಯೇ ಮುಖ ತಿರುಗಿಸಿದರು. ಹಾಡಿಲ್ಲದ ಸಂಗೀತಕ್ಕೆ ರಾತ್ರಿಯಿಡೀ ಕುಣಿಯುವ ಕ್ಲಬ್ಬುಗಳು ಆಗಿನ ಮುಂಬೈಯಲ್ಲಿ ದೊಡ್ಡ ಹೋಟೆಲುಗಳ ಒಳಗೆ ಬೆರಳೆಣಿಕೆಯಷ್ಟು. ಮೇಲಾಗಿ ಎಲ್‌ಪಿಯ ಕಾಲವೇ ಇಳಿಮುಖವಾಗಿತ್ತು, ಕ್ಯಾಸೆಟ್ಟು ಬಂದು ಬೀದಿ ಬೀದಿ ತುಂಬುತ್ತಿತ್ತು. ಸಿಂಗ್ ಸ್ಟುಡಿಯೋಗೆ ಮರಳಿದರು, ಮದುವೆ ಪಾರ್ಟಿಗಳಿಗೆ ವಾದ್ಯಮೇಳ ನಡೆಸಿದರು.

ಆ ಹೊತ್ತಿಗೆ ಶಿಕಾಗೊದಲ್ಲಿ 303ರ ಬೆಲೆ ಬಿದ್ದು ಗುಜರಿ ಅಂಗಡಿಗೆ ಬಂದಿತ್ತು. ಡಿಜೆ ಪಿಯೆರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಮೂವರು ಹುಡುಗರು ಚಿಲ್ಲರೆ ದುಡ್ಡಿಗೆ ಒಂದನ್ನು ಕೊಂಡರು. ಹೇಗೆ ನಡೆಸಬೇಕೆಂದು ತಿಳಿಯದೆ ಗುಬುಟುಗಳನ್ನು ಸುಮ್ಮನೆ ತಿರುಗಿಸುತ್ತ ಹೋದಾಗ ಸದ್ದು ಕಿರುಚಿತು, ಗೊರಗುಟ್ಟಿತು, ನೀರಿನೊಳಗೆ ಮುಳುಗಿ ಎದ್ದಂತಾಯಿತು. ಅದನ್ನೇ ಹನ್ನೆರಡು ನಿಮಿಷ ಹಿಡಿದಿಟ್ಟರು. ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ರಾನ್ ಹಾರ್ಡಿ ಎಂಬ ಡಿಜೆ ಒಂದೇ ರಾತ್ರಿ ಅದನ್ನು ನಾಲ್ಕು ಸಲ ಹಾಕಿದರೆಂದೂ, ಮೊದಲ ಸಲ ಜನ ಅಂಗಳ ಖಾಲಿ ಮಾಡಿದರೆಂದೂ, ನಾಲ್ಕನೆಯ ಸಲ ಹುಚ್ಚೆದ್ದು ಕುಣಿದರೆಂದೂ ಕತೆ. 1987ರಲ್ಲಿ ಫ್ಯೂಚರ್ ಎಂಬ ತಂಡದ ಹೆಸರಿನಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರಬಂತು. ಯಾರಿಗೂ ಬೇಡವಾಗಿದ್ದ ಡಬ್ಬಿಯ ಬೆಲೆ ಗಗನಕ್ಕೇರಿತು. ಅವರಲ್ಲಿ ಒಬ್ಬರೂ ಮುಂಬೈಯ ಎಲ್‌ಪಿಯನ್ನು ಕೇಳಿದವರಲ್ಲ.

ಈಗ ಬೌಮನ್ ಬಳಿಗೆ ಮರಳೋಣ. ಅವರು ಮಾಡಿದ ಮೊದಲ ಒಳ್ಳೆಯ ಕೆಲಸ ಕಲಾವಿದರನ್ನು ಹುಡುಕಿದ್ದು. ಹಳೆಯ ರೆಕಾರ್ಡು ಸಿಕ್ಕರೆ ಸದ್ದಿಲ್ಲದೆ ನಕಲು ಮಾಡಿ ಮಾರುವ ವಿದೇಶಿ ಕಂಪನಿಗಳು ಎಷ್ಟೋ ಇವೆ. ಇವರು ಮುಂಬೈಗೆ ಬಂದು ಸಿಂಗ್ ಅವರನ್ನು ಪತ್ತೆಹಚ್ಚಿ ಭೇಟಿಯಾದರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಮುಗಿದುಹೋದ ರೆಕಾರ್ಡನ್ನು ಕೇಳಿಕೊಂಡು ಡಚ್ ಮನುಷ್ಯರೊಬ್ಬರು ಬಂದದ್ದು ಸಿಂಗ್ ಅವರಿಗೆ ಆಶ್ಚರ್ಯ. ಬಂದವರಿಗೂ ಆಶ್ಚರ್ಯ: ಎದುರಿಗಿದ್ದವರು ಸೌಮ್ಯ ಮಾತಿನ ಹಿರಿಯ ಸಿನಿಮಾ ವಾದಕರು, ಆ್ಯಸಿಡ್ ಹೌಸ್ ಎಂಬ ಮಾತೇ ಅವರ ಲೋಕದ್ದಲ್ಲ. ಬೌಮನ್ ತಮ್ಮ ‘ಬಾಂಬೆ ಕನೆಕ್ಷನ್’ ಎಂಬ ರೆಕಾರ್ಡು ಕಂಪನಿಯ ಹೆಸರಿನಲ್ಲಿ ಎಲ್‌ಪಿಯನ್ನು 2010ರಲ್ಲಿ ಮತ್ತೆ ಹೊರತಂದರು. ಸಿಕ್ಕಿದ ದಿನಕ್ಕೂ ಬಿಡುಗಡೆಗೂ ನಡುವೆ ಎಂಟು ವರ್ಷ.

ಬಂದ ಕೂಡಲೇ ಎದ್ದ ಮೊದಲ ಪ್ರಶ್ನೆ, ಇದು ನಿಜವೇ? ಯುರೋಪಿನ ಯಾವನೋ ಚಾಣಾಕ್ಷ ಈಗ ಕೂತು ಮಾಡಿ, ಹಳೆಯ ಎಚ್‌ಎಂವಿ ಹೊದಿಕೆ ಹಾಕಿ, ಪಂಜಾಬಿ ಹೆಸರಿಟ್ಟು ಬಿಟ್ಟಿದ್ದಾನೆ ಎಂಬ ಗುಮಾನಿ ಹಬ್ಬಿತು. ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ಹೆಸರೂ ತೇಲಿಬಂತು. ಬೇರೆ ಬೇರೆ ಹೆಸರಿನಲ್ಲಿ ಸಂಗೀತ ಬಿಡುವುದು ಆತನ ಹಳೆಯ ಆಟ. ಅನುಮಾನಕ್ಕೆ ಒಂದು ಕಾರಣ ಪಕ್ಕಾ ತಾಂತ್ರಿಕವಾದದ್ದು: 303 ಮಾರುಕಟ್ಟೆಗೆ ಬಂದದ್ದೇ 1981ರ ಕೊನೆಗೆ, ಅಷ್ಟು ಬೇಗ ಮುಂಬೈಗೆ ಹೇಗೆ? ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕಾಣುತ್ತಿತ್ತು. ಹೊಸ ಸದ್ದು ಮುಂಬೈಯಲ್ಲಿ ಹುಟ್ಟಬಲ್ಲದು ಎಂಬುದನ್ನು ನಂಬುವುದು ಅವರಿಗೆ ಕಷ್ಟವಾಗಿತ್ತು. ಉತ್ತರ ಇಲ್ಲಿನ ಸ್ಟುಡಿಯೋ ಬದುಕಿನಲ್ಲೇ ಇದೆ. ಯಾರಿಗಿಂತಲೂ ಮೊದಲು ಹೊಸ ವಾದ್ಯ ತಂದವನಿಗೆ ಅನ್ನ. ಸಿಂಗಪುರದ ಅಂಗಡಿಗೆ ಜಪಾನಿನ ಮಾಲು ಬರಲು ತಡವಾಗುವುದಿಲ್ಲ. ಎಲ್‌ಪಿಯ ಮೂಲ ಪ್ರತಿಗಳೂ ಸಂಗ್ರಾಹಕರ ಬಳಿ ಇದ್ದವು. ಗುಮಾನಿ ಹೆಚ್ಚು ದಿನ ಬಾಳಲಿಲ್ಲ.

ಆಮೇಲೆ ಪತ್ರಿಕೆಗಳು ಇನ್ನೊಂದು ತುದಿಗೆ ಜಿಗಿದವು. ಆ್ಯಸಿಡ್ ಹೌಸ್ ಕಂಡುಹಿಡಿದವರು ಚರಣಜೀತ್ ಸಿಂಗ್! ನಮ್ಮ ಕಡೆಯ ಪತ್ರಿಕೆಗಳೂ ಹೆಮ್ಮೆಯಿಂದ ಇದನ್ನೇ ಬರೆದವು. ಈ ಮಾತನ್ನು ನಾನು ಒಪ್ಪುವುದಿಲ್ಲ. ಶಿಕಾಗೊದಲ್ಲಿ ಒಂದು ಕೂಟ ಇತ್ತು, ಕುಣಿಯುವ ಜನ ಇದ್ದರು, ಒಂದು ರೆಕಾರ್ಡಿನಿಂದ ಇನ್ನೊಂದು ಹುಟ್ಟಿತು. ಮುಂಬೈಯ ಎಲ್‌ಪಿಯಿಂದ ಮತ್ತೇನೂ ಹುಟ್ಟಲಿಲ್ಲ. ಸಿಂಗ್ 303ರ ಗುಬುಟುಗಳನ್ನು ಕಿರುಚುವಷ್ಟು ತಿರುಗಿಸಿದವರೂ ಅಲ್ಲ. ಅವರ ಬೇಸ್ ರಾಗದ ಅಂಕೆಯಲ್ಲಿ ಇರುತ್ತದೆ. ಇನ್ನೂ ಒಂದು ಮಾತು ಇದೆ. 1987 ಆಗದೇ ಇದ್ದಿದ್ದರೆ 2002ರಲ್ಲಿ ದೆಹಲಿಯ ಹೋಟೆಲಿನಲ್ಲಿ ಈ ರೆಕಾರ್ಡು ಯಾರನ್ನೂ ಬೆಚ್ಚಿಬೀಳಿಸುತ್ತಿರಲಿಲ್ಲ. ಅದು ಕಳೆದುಹೋದ ವಸ್ತುವೇನಲ್ಲ, ಅಂಗಡಿಯಲ್ಲೇ ಇತ್ತು, ಬೆಲೆ ಚೀಟಿಯೊಂದಿಗೆ. ಅದನ್ನು ಕೇಳಲು ಬೇಕಾದ ಕಿವಿಯನ್ನು ಶಿಕಾಗೊದ ಹುಡುಗರು ತಯಾರು ಮಾಡಿಕೊಟ್ಟರು. ಸಿಂಗ್ ಅವರ ದೊಡ್ಡಸ್ತಿಕೆಗೆ ಮೊದಲಿಗ ಎಂಬ ಪಟ್ಟ ಬೇಕಾಗಿಯೇ ಇಲ್ಲ. ಹತ್ತು ರಾಗಗಳನ್ನು ಮೂರು ಯಂತ್ರಗಳ ಮೇಲೆ ನಿಲ್ಲಿಸಿದ್ದೇ ಸಾಕಷ್ಟು ದೊಡ್ಡದು.

ಅದೇ 1982ಕ್ಕೆ ಸೇರಿದ ಇನ್ನೊಂದು ಎಲ್‌ಪಿಯ ಹಣೆಬರಹವೂ ಇಂಥದೇ. ಬಂಗಾಳದ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಯಲ್ಲಿ ಆಶಿಶ್ ಖಾನರ ಸರೋದಿನೊಂದಿಗೆ ಹಾಡಿದ ‘ಡಿಸ್ಕೋ ಜಾಝ್’. ಅದೂ ಓಡಲಿಲ್ಲ. ದಶಕಗಳಾದ ಮೇಲೆ ಮನೆಯಲ್ಲಿದ್ದ ಹಳೆಯ ಪ್ರತಿ ಮಗನ ಕಣ್ಣಿಗೆ ಬಿದ್ದು, ಹೊರಗಿನ ಜಗತ್ತು ಅದಕ್ಕಾಗಿ ಹುಡುಕುತ್ತಿದೆ ಎಂಬುದು ತಾಯಿಗೆ ತಿಳಿಯಿತು, 2019ರಲ್ಲಿ ಮರುಮುದ್ರಣವಾಯಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಂತೂ ಕತೆ ಇನ್ನೂ ಹಿಂದಿನದು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಸರ್ ಕೂರಿಸಿದ್ದರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಮಾಡಿದ ಪ್ರಯೋಗಗಳ ಟೇಪುಗಳು ಗ್ರಂಥಾಲಯದಲ್ಲೇ ಕೂತಿದ್ದವು. ಇಂಗ್ಲೆಂಡಿನ ಸಂಗೀತಗಾರ ಪಾಲ್ ಪರ್ಗಾಸ್ ಅವನ್ನು ಹೊರತೆಗೆಯುವವರೆಗೆ ನಮ್ಮಲ್ಲಿ ಬಹುಮಂದಿಗೆ ಅದರ ಸುಳಿವಿರಲಿಲ್ಲ. ಮೂರರಲ್ಲೂ ಹೊರಗಿನ ಕಿವಿಯೇ ಬೇಕಾಯಿತು ಎಂಬುದು ಚುಚ್ಚುವ ಮಾತು. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ರೆಕಾರ್ಡು ರಾಶಿ ಹಾಕಿಕೊಂಡು ಕೂತ ವ್ಯಾಪಾರಿಗಳಿಗೆ ಈಗ ಇದೆಲ್ಲ ಗೊತ್ತು. ಚರಣಜೀತ್ ಸಿಂಗ್ ಹೆಸರು ಎತ್ತಿದರೆ ಬೆಲೆ ಏರುತ್ತದೆ.

2012ರ ಸುಮಾರಿಗೆ ಸಿಂಗ್ ಯುರೋಪಿನ ವೇದಿಕೆ ಹತ್ತಿದರು. ಎಪ್ಪತ್ತು ದಾಟಿದ ವಯಸ್ಸು. ಯೋಹಾನ್ಸ್ ವೆಸ್ಟರ್‌ಮನ್ ಎಂಬ ಡಚ್ ಸಂಗೀತಗಾರರು ಪಕ್ಕದಲ್ಲಿ ತಾಳ ಮತ್ತು ಬೇಸ್ ಯಂತ್ರ ನೋಡಿಕೊಂಡರೆ, ಸಿಂಗ್ ಕೀಲಿಮಣೆಯ ಮುಂದೆ ರಾಗ ಹಿಡಿದರು. ಮುಂದಿದ್ದವರು ಮೊಮ್ಮಕ್ಕಳ ವಯಸ್ಸಿನವರು, ಲಲಿತ ಯಾವುದು ತೋಡಿ ಯಾವುದು ಎಂದು ಅರಿಯದವರು, ಕುಣಿಯಲು ಬಂದವರು. 1982ರಲ್ಲಿ ಮುಂಬೈಯಲ್ಲಿ ಸಿಗದಿದ್ದ ಗಿರಾಕಿಗಳು ಇವರೇ. ಮೂರು ವರ್ಷ ಹೀಗೆ ನಡೆಯಿತು. 2015ರ ಜುಲೈಯಲ್ಲಿ ಅವರು ಮುಂಬೈಯಲ್ಲಿ ತೀರಿಕೊಂಡರು.

ಸಂದರ್ಶನಕ್ಕೆ ಬಂದವರು ಆ್ಯಸಿಡ್ ಹೌಸ್ ಬಗ್ಗೆ ಕೆದಕಿದಾಗಲೆಲ್ಲ ಅವರು ಆ ಪಟ್ಟಕ್ಕೆ ಕೈ ಚಾಚಲಿಲ್ಲ. ಅವರು ಹೇಳಿಕೊಂಡದ್ದು ಬೇರೆ. ತಮ್ಮ ಮಿಕ್ಕ ರೆಕಾರ್ಡುಗಳೆಲ್ಲ ಸಿನಿಮಾ ಹಾಡುಗಳನ್ನು ನುಡಿಸಿದ್ದು ಅಷ್ಟೇ, ಇದೊಂದು ಮಾತ್ರ ತಮ್ಮದೇ ರಚನೆ, ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದರು.